ಡಿಸ್ಕಿನ ವೇಗ ಅಳೆಯುವಾಗ ಕೆಲಸದ ಹೊರೆಯನ್ನು ಹೊಂದಿಸುವ ಕ್ರಮ: ಎಫ್‌ಐಓ ಆಯ್ಕೆಗಳ ಕೈಪಿಡಿ

ಡಿಸ್ಕಿನ ಪೆಟ್ಟಿಗೆಯ ಮೇಲೆ ಎದ್ದು ಕಾಣುವಂತೆ ಮುದ್ರಿಸಿರುವ ವೇಗವು ಸಾಮಾನ್ಯವಾಗಿ ದೊಡ್ಡ ದೊಡ್ಡ ತುಂಡುಗಳನ್ನು ಸಾಲಾಗಿ ಓದಿದಾಗ ಸಿಗುವ ವೇಗ. ಕಾಸರಗೋಡಿನ ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಇರುವ ಒಂದು ಸೇವಾ ಸಹಕಾರಿ ಬ್ಯಾಂಕಿನ ಸರ್ವರ್ ಆ ರೀತಿ ಓದುವುದು ಹೆಚ್ಚಾಗಿ ರಾತ್ರಿ ಬ್ಯಾಕಪ್ ತೆಗೆಯುವ ಹೊತ್ತಿನಲ್ಲಿ. ಹಗಲಿಡೀ ಅದು ಮಾಡುವುದು ಸದಸ್ಯರ ಖಾತೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಪುಟವನ್ನು ಓದಿ, ತಿದ್ದಿ, ಬರೆದದ್ದು ಡಿಸ್ಕಿನಲ್ಲಿ ನೆಲೆಯೂರಿತೆಂದು ಖಚಿತಪಡಿಸಿಕೊಳ್ಳುವ ಕೆಲಸ. ಅದೇ ಪೇಟೆಯಲ್ಲಿ, ಯಕ್ಷಗಾನ ಮೇಳಗಳು ತಿರುಗಾಟ ಹೊರಟಾಗಿನಿಂದ ಅದು ಮುಗಿಯುವ ಪತ್ತನಾಜೆಯವರೆಗೆ ಬಯಲಾಟಗಳನ್ನು ರಾತ್ರಿಯಿಡೀ ಚಿತ್ರೀಕರಿಸುವ ಸ್ಟುಡಿಯೋದ ಡಿಸ್ಕಿಗೆ ಬೀಳುವ ಹೊರೆ ಇದಕ್ಕೆ ತೀರಾ ಭಿನ್ನ. ಒಂದೇ ಡಿಸ್ಕ್ ಮೊದಲ ಕೆಲಸಕ್ಕೆ ನಿಧಾನವಾಗಿಯೂ ಎರಡನೆಯದಕ್ಕೆ ಚುರುಕಾಗಿಯೂ ಕಾಣಿಸಬಹುದು. ಆದ್ದರಿಂದ ಅಳತೆಯ ಉಪಕರಣವನ್ನು ಓಡಿಸುವ ಮೊದಲು ಅದರ ಆಯ್ಕೆಗಳನ್ನು ನಿಜವಾದ ಕೆಲಸಕ್ಕೆ ಸರಿಹೊಂದಿಸಿಕೊಳ್ಳಬೇಕು.

ಈ ಲೇಖನದಲ್ಲಿ ಬಳಸಿರುವ ಉಪಕರಣ ಎಫ್‌ಐಓ. ಲಿನಕ್ಸಿನ ತಿರುಳು ಭಾಗವಾದ ಕರ್ನಲ್‌ನ ಬ್ಲಾಕ್ ವಿಭಾಗವನ್ನು (ಡಿಸ್ಕಿನ ಓದು ಬರಹಗಳನ್ನು ನಿರ್ವಹಿಸುವ ಭಾಗವನ್ನು) ನೋಡಿಕೊಳ್ಳುವ ಜೆನ್ಸ್ ಆಕ್ಸ್‌ಬೋ ಇದನ್ನು ಬರೆದವರು. ಇದು ಮುಕ್ತ ತಂತ್ರಾಂಶವಾಗಿದ್ದು, ಉಬುಂಟುವಿನಲ್ಲಿ ಉಳಿದ ಪ್ಯಾಕೇಜುಗಳಂತೆಯೇ ಇನ್‌ಸ್ಟಾಲ್ ಆಗುತ್ತದೆ. ಕೇರಳದ ಸರಕಾರಿ ಶಾಲೆಗಳು ಲಿನಕ್ಸನ್ನೇ ಕಲಿಸುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಟರ್ಮಿನಲ್ ಹೊಸತಲ್ಲ. ಆಯ್ಕೆಗಳ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಪರೀಕ್ಷೆಗಳ (ಜಾಬ್) ವಿವರವನ್ನು ಬರೆದಿಡುವ ಜಾಬ್ ಫೈಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಟೈಪಿಸಬೇಕು. ಎಲ್ಲ ಜಾಬ್‌ಗಳಿಗೂ ಸಮಾನವಾದ ಆಯ್ಕೆಗಳು ಮೇಲಿನ ಗ್ಲೋಬಲ್ ವಿಭಾಗದಲ್ಲಿ ಬರುತ್ತವೆ. ಆಮೇಲೆ ಚೌಕ ಆವರಣದಲ್ಲಿ ಹೆಸರಿಟ್ಟು ಒಂದೊಂದು ಜಾಬನ್ನು ಬರೆಯಬೇಕು.

ಆದರೆ ಎಫ್‌ಐಓ ತೆರೆಯುವುದಕ್ಕಿಂತ ಮೊದಲು ಈಗಿರುವ ಯಂತ್ರ ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು. ಸಿಸ್‌ಸ್ಟಾಟ್ ಪ್ಯಾಕೇಜಿನಲ್ಲಿ ಸಿಗುವ ಐಓಸ್ಟಾಟ್ ಆದೇಶವನ್ನು ವಿಸ್ತೃತ ವರದಿಯ ಎಕ್ಸ್ ಆಯ್ಕೆಯೊಂದಿಗೆ, ಜನಸಂದಣಿ ಹೆಚ್ಚಿರುವ ಬೆಳಗಿನ ಹೊತ್ತಿನಲ್ಲಿ ಅರ್ಧ ಗಂಟೆ ಓಡಿಸಿದರೆ, ಸೆಕೆಂಡಿಗೆ ಎಷ್ಟು ಓದು, ಎಷ್ಟು ಬರಹ, ಪ್ರತಿ ಕೋರಿಕೆಯ ಸರಾಸರಿ ಗಾತ್ರ ಎಷ್ಟು, ಸಾಲಿನಲ್ಲಿ ಸರಾಸರಿ ಎಷ್ಟು ಕೋರಿಕೆಗಳು ಕಾಯುತ್ತಿವೆ ಎಂಬ ನಾಲ್ಕು ಸಂಗತಿಗಳು ತಿಳಿಯುತ್ತವೆ. ಮುಂದಿನ ಮುಖ್ಯ ಆಯ್ಕೆಗಳಿಗೆಲ್ಲ ಇವೇ ಆಧಾರ. ಇವಿಲ್ಲದೆ ಬೇರೆಯವರ ಜಾಬ್ ಫೈಲನ್ನು ನಕಲಿಸಿ ಓಡಿಸುವುದರಿಂದ ಅವರ ಕೆಲಸದ ಅಳತೆ ಸಿಗುತ್ತದೆಯೇ ಹೊರತು ನಿಮ್ಮ ಕೆಲಸದ್ದಲ್ಲ.

ಮೊದಲನೆಯ ಆಯ್ಕೆ ಪರೀಕ್ಷೆ ನಡೆಯುವ ಜಾಗ. ಫೈಲ್‌ನೇಮ್ ಆಯ್ಕೆಗೆ ನೇರವಾಗಿ ಡಿಸ್ಕಿನ ಸಾಧನದ ಹೆಸರನ್ನು ಕೊಟ್ಟು ಬರೆಯುವ ಜಾಬ್ ಓಡಿಸಿದರೆ ಅದರಲ್ಲಿರುವ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ; ಖಾಲಿ ಡಿಸ್ಕಿನ ಹೊರತು ಇದನ್ನು ಮಾಡಲೇಬಾರದು. ಬಳಕೆಯಲ್ಲಿರುವ ಯಂತ್ರದಲ್ಲಿ ಡೈರೆಕ್ಟರಿ ಆಯ್ಕೆಯಿಂದ ಒಂದು ಖಾಲಿ ಫೋಲ್ಡರನ್ನು ತೋರಿಸುವುದು ಕ್ಷೇಮ. ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಒಂದೇ ಜಾಬಿನ ಹಲವು ಪ್ರತಿಗಳು ಓಡುವಾಗ, ಫೈಲ್‌ನೇಮ್ ಕೊಟ್ಟಿದ್ದರೆ ಎಲ್ಲವೂ ಅದೊಂದೇ ಫೈಲಿನ ಮೇಲೆ ಬೀಳುತ್ತವೆ, ಡೈರೆಕ್ಟರಿ ಕೊಟ್ಟಿದ್ದರೆ ಪ್ರತಿಯೊಂದಕ್ಕೂ ತನ್ನದೇ ಫೈಲ್ ಸಿಗುತ್ತದೆ. ಸೈಜ್ ಆಯ್ಕೆಯು ಒಂದು ಪ್ರತಿಯ ಫೈಲಿನ ಗಾತ್ರ; ನಾಲ್ಕು ಪ್ರತಿಗಳಿದ್ದರೆ ಡಿಸ್ಕಿನಲ್ಲಿ ಅದರ ನಾಲ್ಕು ಪಟ್ಟು ಜಾಗ ಬೇಕು.

ಡೈರೆಕ್ಟ್ ಆಯ್ಕೆಯ ಮೂಲ ಬೆಲೆ ಸೊನ್ನೆ. ಅಂದರೆ ಏನನ್ನೂ ಹೇಳದಿದ್ದರೆ ಓದು ಬರಹಗಳು ಕರ್ನಲ್‌ನ ಮೆಮೊರಿ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಮೂಲಕ ಹಾದುಹೋಗುತ್ತವೆ. 16 ಜಿಬಿ ಮೆಮೊರಿಯಿರುವ ಯಂತ್ರದಲ್ಲಿ 1 ಜಿಬಿಯ ಫೈಲನ್ನು ಹೀಗೆ ಅಳೆದರೆ ಸಿಗುವುದು ಬಹುಮಟ್ಟಿಗೆ ಮೆಮೊರಿಯ ವೇಗ. ಡಿಸ್ಕನ್ನೇ ಅಳೆಯಬೇಕಾದರೆ ಡೈರೆಕ್ಟ್=1 ಎಂದು ಬರೆಯಬೇಕು.

ಇನ್ನು ಕೆಲಸದ ಸ್ವರೂಪ. ಆರ್‌ಡಬ್ಲ್ಯೂ ಆಯ್ಕೆಗೆ ರೀಡ್, ರೈಟ್ ಎಂದರೆ ಸಾಲಾಗಿ ಓದು, ಬರಹ. ರ‍್ಯಾಂಡ್‌ರೀಡ್, ರ‍್ಯಾಂಡ್‌ರೈಟ್ ಎಂದರೆ ಚದುರಿದ ಜಾಗಗಳಲ್ಲಿ ಓದು, ಬರಹ. ರ‍್ಯಾಂಡ್‌ಆರ್‌ಡಬ್ಲ್ಯೂ ಎಂದರೆ ಚದುರಿದ ಮಿಶ್ರಣ. ಮಿಶ್ರಣದಲ್ಲಿ ಓದಿನ ಪಾಲನ್ನು ಆರ್‌ಡಬ್ಲ್ಯೂಮಿಕ್ಸ್‌ರೀಡ್ ನಿರ್ಧರಿಸುತ್ತದೆ, ಅದರ ಮೂಲ ಬೆಲೆ 50. ಬಿಎಸ್ ಎಂಬುದು ಒಂದು ಕೋರಿಕೆಯ ಗಾತ್ರ, ಮೂಲ ಬೆಲೆ 4ಕೆ. ಇಲ್ಲಿ ಕೆ ಎಂದರೆ 1024 ಬೈಟು. ಬ್ಯಾಂಕಿನ ತಂತ್ರಾಂಶದ ಹಿಂದೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದ್ದರೆ ಅದರ ಪುಟದ ಗಾತ್ರ 8ಕೆ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಇದ್ದರೆ 16ಕೆ. ಎರಡೂ ಮೂಲ ಹೊಂದಿಕೆಯ ಗಾತ್ರಗಳು. ಐಓಸ್ಟಾಟ್ ತೋರಿಸಿದ ಸರಾಸರಿ ಗಾತ್ರ ಇದಕ್ಕೆ ಹತ್ತಿರವಿದ್ದರೆ ಅದನ್ನೇ ಇಟ್ಟುಕೊಳ್ಳಿ. ಹಲವು ಗಾತ್ರಗಳು ಬೆರೆತಿದ್ದರೆ ಬಿಎಸ್‌ಸ್ಪ್ಲಿಟ್ ಆಯ್ಕೆಯಲ್ಲಿ ಪ್ರತಿ ಗಾತ್ರಕ್ಕೂ ಶೇಕಡಾವಾರು ಪಾಲು ಕೊಡಬಹುದು.

ಅತಿ ಹೆಚ್ಚು ದುರುಪಯೋಗವಾಗುವ ಆಯ್ಕೆ ಐಓಡೆಪ್ತ್. ಉತ್ತರಕ್ಕೆ ಕಾಯದೆ ಒಮ್ಮೆಗೆ ಎಷ್ಟು ಕೋರಿಕೆಗಳನ್ನು ಡಿಸ್ಕಿಗೆ ಒಪ್ಪಿಸಿಡಬೇಕು ಎಂಬುದನ್ನು ಇದು ಹೇಳುತ್ತದೆ. ಮೂಲ ಬೆಲೆ 1. ದೊಡ್ಡ ಸಂಖ್ಯೆ ಕೊಟ್ಟರೆ ಸೆಕೆಂಡಿಗೆ ಮುಗಿಯುವ ಕೋರಿಕೆಗಳ ಎಣಿಕೆ ಏರುತ್ತದೆ ಎಂಬ ಕಾರಣಕ್ಕೆ 128, 256 ಎಂದು ಬರೆಯುವವರಿದ್ದಾರೆ. ಲೆಕ್ಕ ಮಾಡಿ ನೋಡಿ. ಒಂದು ಡಿಸ್ಕ್ ಗರಿಷ್ಠ ಸೆಕೆಂಡಿಗೆ 50,000 ಕೋರಿಕೆಗಳನ್ನು ಪೂರೈಸಬಲ್ಲದು ಎಂದಿಟ್ಟುಕೊಂಡರೆ, ಆಳ (ಅಂದರೆ ಐಓಡೆಪ್ತ್) 32 ಇದ್ದಾಗ ಒಂದೊಂದು ಕೋರಿಕೆಯೂ ಸರಾಸರಿ 640 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ. ಆಳವನ್ನು 256ಕ್ಕೆ ಏರಿಸಿದರೆ ಎಣಿಕೆ ಅಷ್ಟೇ ಇದ್ದು, ಕಾಯುವ ಕಾಲ ಮಾತ್ರ 5.12 ಮಿಲಿಸೆಕೆಂಡಿಗೆ ಏರುತ್ತದೆ. ಕೌಂಟರಿನ ಮುಂದಿನ ಸಾಲು ಉದ್ದವಾದ ಮಾತ್ರಕ್ಕೆ ಕ್ಯಾಷಿಯರ್ ಚುರುಕಾಗುವುದಿಲ್ಲವಷ್ಟೆ. ಅಲ್ಲದೆ ಹಳೆಯ ಬಗೆಯ ಜೋಡಣೆಯಾದ ಸಾಟಾದ ಡಿಸ್ಕು ತನ್ನೊಳಗೆ ಇಟ್ಟುಕೊಳ್ಳಬಲ್ಲ ಸಾಲಿನ ಉದ್ದವೇ 32. ಅದಕ್ಕಿಂತ ಹೆಚ್ಚಿನವು ಕರ್ನಲ್‌ನಲ್ಲೇ ಕಾದಿರುತ್ತವೆ. ಎನ್‌ವಿಎಂಇ ಎಂಬ ಹೊಸ ಬಗೆಯ ಜೋಡಣೆಯ ಡಿಸ್ಕುಗಳಿಗೆ ಈ ಮಿತಿಯಿಲ್ಲ, ಆದರೆ ಸಹಕಾರಿ ಬ್ಯಾಂಕಿನ ಆರು ಕೌಂಟರುಗಳಿಂದ ಅಂತಹ ಸಾಲು ಹುಟ್ಟುವುದೂ ಇಲ್ಲ. ಐಓಸ್ಟಾಟ್ ಸಾಲಿನ ಉದ್ದ 3 ಎಂದು ತೋರಿಸಿದ್ದರೆ 4ರಲ್ಲಿ ಅಳೆಯಿರಿ. ಬೇಕಿದ್ದರೆ 8ರಲ್ಲಿ ಇನ್ನೊಮ್ಮೆ ಅಳೆದು ಮುಂದಿನ ವರ್ಷಗಳಿಗೆ ಎಷ್ಟು ಅವಕಾಶವಿದೆ ಎಂದು ತಿಳಿದುಕೊಳ್ಳಿ.

ಐಓಡೆಪ್ತ್ ಕೆಲಸ ಮಾಡಬೇಕಾದರೆ ಕೋರಿಕೆಗಳನ್ನು ಕಳಿಸುವ ವಿಧಾನವನ್ನು ಆರಿಸುವ ಐಓಎಂಜಿನ್ ಕೂಡ ಅದಕ್ಕೆ ತಕ್ಕದ್ದಾಗಿರಬೇಕು. ಲಿನಕ್ಸಿನಲ್ಲಿ ಮೂಲತಃ ಬರುವ ಪಿಸಿಂಕ್ ಎಂಜಿನ್ ಒಂದು ಕೋರಿಕೆ ಮುಗಿದ ಮೇಲೆಯೇ ಇನ್ನೊಂದನ್ನು ಕಳಿಸುತ್ತದೆ. ಆಗ ಆಳ 64 ಎಂದು ಬರೆದರೂ ಅದು 1ರಂತೆಯೇ ನಡೆದುಕೊಳ್ಳುತ್ತದೆ. ಲಿಬ್ಎಐಓ ಅಥವಾ ಐಓ_ಯುರಿಂಗ್ ಎಂಜಿನ್ ಬಳಸಿದರೆ ಮಾತ್ರ ಸಾಲು ನಿಜವಾಗಿ ಬೆಳೆಯುತ್ತದೆ. ಎರಡನೆಯದು ಕರ್ನಲ್ 5.1ರೊಂದಿಗೆ 2019ರಲ್ಲಿ ಬಂದದ್ದರಿಂದ ಹಳೆಯ ಸರ್ವರುಗಳಲ್ಲಿ ಸಿಗಲಿಕ್ಕಿಲ್ಲ. ಲಿಬ್ಎಐಓ ಜೊತೆ ಡೈರೆಕ್ಟ್=1 ಇರಲೇಬೇಕು, ಇಲ್ಲದಿದ್ದರೆ ಅದೂ ಒಂದೊಂದಾಗಿಯೇ ಕಳಿಸುತ್ತದೆ. ಸಮಾನಾಂತರವನ್ನು ಸೃಷ್ಟಿಸುವ ಇನ್ನೊಂದು ದಾರಿ ನಮ್‌ಜಾಬ್ಸ್: ಅದೇ ಜಾಬಿನ ಹಲವು ಪ್ರತಿಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಓಡಿಸುವುದು. ಪ್ರತಿ ಕೌಂಟರೂ ತನ್ನ ಉತ್ತರಕ್ಕೆ ಕಾದು ಮುಂದುವರಿಯುವ ಬ್ಯಾಂಕಿನ ಕೆಲಸಕ್ಕೆ ನಮ್‌ಜಾಬ್ಸ್=6, ಐಓಡೆಪ್ತ್=1 ಎಂಬುದೇ ಹೆಚ್ಚು ಹತ್ತಿರದ ಚಿತ್ರ ಎಂಬುದು ನನ್ನ ಅಭಿಪ್ರಾಯ. ಗ್ರೂಪ್_ರಿಪೋರ್ಟಿಂಗ್ ಸೇರಿಸಿದರೆ ಆರು ಪ್ರತಿಗಳ ಫಲಿತಾಂಶ ಒಟ್ಟಾಗಿ ಬರುತ್ತದೆ. ಆದರೆ ಆಳವನ್ನೂ ಪ್ರತಿಗಳನ್ನೂ ಒಟ್ಟಿಗೆ ಏರಿಸುವಾಗ ಎಚ್ಚರವಿರಲಿ. ಎರಡರ ಗುಣಲಬ್ಧವೇ ಡಿಸ್ಕಿಗೆ ಬೀಳುವ ಒಟ್ಟು ಸಾಲು.

ದುರುಪಯೋಗಕ್ಕೆ ಐಓಡೆಪ್ತ್ ಹೆಸರಾಗಿದ್ದರೆ ಮರೆವಿಗೆ ಹೆಸರಾದದ್ದು ಎಫ್‌ಸಿಂಕ್. ಹಣ ಕಟ್ಟಿದ ರಶೀದಿ ಅಚ್ಚಾಗುವ ಮೊದಲು ಡೇಟಾಬೇಸ್ ತನ್ನ ದಿನಚರಿ ಫೈಲಿಗೆ ಆ ವ್ಯವಹಾರವನ್ನು ಬರೆದು, ಅದು ಡಿಸ್ಕಿನಲ್ಲಿ ನಿಂತಿತೆಂಬ ಖಾತರಿಯನ್ನು ಕೇಳುತ್ತದೆ. ತುಲಾ ಮಾಸದ ಸಂಜೆಯ ಸಿಡಿಲಿಗೆ ಕರೆಂಟು ಹೋಗಿ, ಯುಪಿಎಸ್ ಕೂಡ ಕೈಕೊಟ್ಟರೆ ಸದಸ್ಯನ ಠೇವಣಿಯನ್ನು ಉಳಿಸುವುದು ಈ ಖಾತರಿಯೇ. ಇದನ್ನು ಅಳೆಯಲು ಪ್ರತ್ಯೇಕ ಜಾಬ್ ಬರೆಯಬೇಕು: ಆರ್‌ಡಬ್ಲ್ಯೂ=ರೈಟ್, ಬಿಎಸ್=8ಕೆ, ನಮ್‌ಜಾಬ್ಸ್=1, ಎಫ್‌ಡೇಟಾಸಿಂಕ್=1. ಎಫ್‌ಸಿಂಕ್‌ನ ಇನ್ನೊಂದು ರೂಪವಾದ ಕೊನೆಯದರ ಅರ್ಥ ಪ್ರತಿ ಬರಹದ ನಂತರವೂ ಖಾತರಿ ಕೇಳು ಎಂದು. ಫಲಿತಾಂಶದಲ್ಲಿ ಸಿಂಕ್‌ಗೆ ತಗಲಿದ ಕಾಲ ಬೇರೆಯೇ ಸಾಲಿನಲ್ಲಿ ಬರುತ್ತದೆ, ನೋಡಬೇಕಾದದ್ದು ಅದನ್ನು. ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸಲ ಮಾತ್ರ ತಿರುಗುತ್ತದೆ, ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಅಂತಹ ಡಿಸ್ಕಿನಲ್ಲಿ ಸೆಕೆಂಡಿಗೆ ಸಾವಿರಾರು ಖಾತರಿಗಳು ಸಿಕ್ಕಿದರೆ ನಡುವೆ ಯಾವುದೋ ಕ್ಯಾಶ್ ಉತ್ತರ ಕೊಡುತ್ತಿದೆ ಎಂದೇ ತಿಳಿಯಬೇಕು. ಅದು ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ, ಬ್ಯಾಟರಿಯಿರುವ ರೇಡ್ ಕಾರ್ಡಿನದ್ದಾದರೆ ಒಳ್ಳೆಯದು, ಇಲ್ಲವಾದರೆ ಆ ವೇಗವನ್ನು ನಂಬುವಂತಿಲ್ಲ. ಎಸ್‌ಎಸ್‌ಡಿಗಳಲ್ಲಿಯೂ ವಿದ್ಯುತ್ ನಿಂತಾಗ ರಕ್ಷಿಸುವ ಕೆಪಾಸಿಟರುಗಳಿರುವ ಸರ್ವರ್ ದರ್ಜೆಯವು ಈ ಜಾಬಿನಲ್ಲಿ ಮನೆಬಳಕೆಯವುಗಳಿಗಿಂತ ಬಹಳ ಮುಂದಿರುತ್ತವೆ. ಕೊಟೇಶನ್‌ನಲ್ಲಿ ಎರಡರ ಓದಿನ ವೇಗ ಸಮನಾಗಿ ಕಂಡಾಗ ಬೆಲೆಯ ವ್ಯತ್ಯಾಸಕ್ಕೆ ಆಡಳಿತ ಮಂಡಳಿ ಕಾರಣ ಕೇಳಿದರೆ ತೋರಿಸಬೇಕಾದ ಸಂಖ್ಯೆ ಇದು.

ಸ್ಟುಡಿಯೋದ ಜಾಬ್ ಇದಕ್ಕಿಂತ ಸರಳ. ನಾಲ್ಕು ಕ್ಯಾಮೆರಾಗಳು ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಕಳಿಸುತ್ತಿದ್ದರೆ ಒಂದಕ್ಕೆ 6.25 ಮೆಗಾಬೈಟು, ಒಟ್ಟು 25 ಮೆಗಾಬೈಟು. ಆರ್‌ಡಬ್ಲ್ಯೂ=ರೈಟ್, ಬಿಎಸ್=1ಎಂ, ನಮ್‌ಜಾಬ್ಸ್=4 ಎಂದು ಬರೆದು, ರೇಟ್=7ಎಂ ಸೇರಿಸಿದರೆ ಪ್ರತಿಯೊಂದು ಪ್ರತಿಯೂ ಆ ವೇಗವನ್ನು ಮೀರದಂತೆ ಬರೆಯುತ್ತದೆ. ಇಲ್ಲಿ ಗರಿಷ್ಠ ವೇಗ ಮುಖ್ಯವಲ್ಲ, ಬೆಳಗಿನವರೆಗೆ ಈ ವೇಗ ಕುಸಿಯದಿರುವುದು ಮುಖ್ಯ. ಅದೇ ಹೊತ್ತಿಗೆ ಎಡಿಟಿಂಗ್ ನಡೆಯುವುದಾದರೆ ಓದುವ ಜಾಬ್ ಒಂದನ್ನು ಕೆಳಗೆ ಸೇರಿಸಿ. ಫೈಲಿನಲ್ಲಿರುವ ಜಾಬ್‌ಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಒಂದಾದ ಮೇಲೆ ಒಂದು ನಡೆಯಬೇಕಿದ್ದರೆ ಎರಡನೆಯದಕ್ಕೆ ಸ್ಟೋನ್‌ವಾಲ್ ಹಾಕಬೇಕು.

ಅವಧಿಯ ವಿಷಯದಲ್ಲಿ ಜಿಪುಣತನ ಬೇಡ. ರನ್‌ಟೈಮ್ ಅನ್ನು ಸೆಕೆಂಡುಗಳಲ್ಲಿ ಕೊಟ್ಟು, ಟೈಮ್_ಬೇಸ್ಡ್ ಸೇರಿಸದಿದ್ದರೆ ಫೈಲಿನ ಗಾತ್ರ ಮುಗಿದ ಕೂಡಲೇ ಪರೀಕ್ಷೆಯೂ ಮುಗಿಯುತ್ತದೆ. ರ‍್ಯಾಂಪ್_ಟೈಮ್=60 ಎಂದರೆ ಮೊದಲ ಒಂದು ನಿಮಿಷದ ಓಟ ಲೆಕ್ಕಕ್ಕೆ ಬರುವುದಿಲ್ಲ. ಹಲವು ಎಸ್‌ಎಸ್‌ಡಿಗಳು ತಮ್ಮ ಒಂದು ಭಾಗವನ್ನು ವೇಗದ ಕ್ಯಾಶ್ ಆಗಿ ಬಳಸುವುದರಿಂದ ಅದು ತುಂಬುವವರೆಗೆ ಒಂದು ವೇಗ, ತುಂಬಿದ ಮೇಲೆ ಇನ್ನೊಂದು ವೇಗ. ಬರೆಯುವ ಪರೀಕ್ಷೆ ಅರ್ಧ ನಿಮಿಷದಲ್ಲಿ ಮುಗಿದರೆ ಎರಡನೆಯದು ಕಾಣಸಿಗುವುದೇ ಇಲ್ಲ.

ಫಲಿತಾಂಶದಲ್ಲಿ ಸರಾಸರಿಗಿಂತ ಮೊದಲು ಶೇಕಡಾ 99ರ ಸಾಲನ್ನು ಓದಿರಿ. ಸರಾಸರಿ 1 ಮಿಲಿಸೆಕೆಂಡು, 99ರ ಸಾಲು 80 ಮಿಲಿಸೆಕೆಂಡು ಎಂದಿದ್ದರೆ ನೂರರಲ್ಲಿ ಒಂದು ಕೋರಿಕೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾದಿದೆ. ಒಂದು ರಶೀದಿಗೆ ಹತ್ತಾರು ಕೋರಿಕೆಗಳು ಬೇಕಾಗುವಲ್ಲಿ ಇದು ಅಪರೂಪದ ತಡವೇನಲ್ಲ. ಎರಡು ಡಿಸ್ಕುಗಳನ್ನು ಹೋಲಿಸುವಾಗ ಜಾಬ್ ಫೈಲಿನ ಒಂದಕ್ಷರವೂ ಬದಲಾಗಬಾರದು, ಬದಲಾದರೆ ಹಳೆಯ ಡಿಸ್ಕನ್ನೂ ಹೊಸ ಫೈಲಿನಿಂದ ಮತ್ತೆ ಅಳೆಯಬೇಕು. ಔಟ್‌ಪುಟ್-ಫಾರ್ಮ್ಯಾಟ್ ಅನ್ನು ಜೆಸಾನ್ ಎಂದು ಕೊಟ್ಟು ಫಲಿತಾಂಶವನ್ನು ಜಾಬ್ ಫೈಲಿನ ಜೊತೆಯಲ್ಲಿಯೇ ಇಟ್ಟುಕೊಂಡರೆ ಈ ಹೋಲಿಕೆ ಸುಲಭ. ಪರೀಕ್ಷೆಗಾಗಿ ಸೃಷ್ಟಿಯಾದ ಫೈಲುಗಳನ್ನು ಎಫ್‌ಐಓ ತಾನಾಗಿ ಅಳಿಸುವುದಿಲ್ಲ; ಜಾಬ್‌ನಲ್ಲಿ ಅನ್‌ಲಿಂಕ್=1 ಎಂದು ಬರೆಯಿರಿ, ಇಲ್ಲವೇ ಕೆಲಸ ಮುಗಿದ ಮೇಲೆ ಆ ಫೋಲ್ಡರನ್ನು ಕೈಯಾರೆ ಖಾಲಿ ಮಾಡಿ, ರಾತ್ರಿಯ ಬ್ಯಾಕಪ್ಪಿಗೆ ಜಾಗ ಉಳಿದಿದೆಯೇ ಎಂದು ನೋಡಿಕೊಳ್ಳಿ.