ಬಾಯಲ್ಲಿ ಕ್ಯಾಂಡಿಡಾ ಅಂಟದಂತೆ ನೋಡಿಕೊಳ್ಳುವುದು ಹೇಗೆ?

ನಾಲಿಗೆ ಮೇಲೆ, ಕೆನ್ನೆಯ ಒಳಗೆ ಒಡೆದ ಹಾಲಿನಂಥ ಬಿಳಿ ಪದರ. ಒರೆಸಿದರೆ ಅಡಿಯಲ್ಲಿ ಕೆಂಪು, ಕೆಲವೊಮ್ಮೆ ಚೂರು ರಕ್ತ. ಇದು ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್‌ನ ಕೆಲಸ. ಆರೋಗ್ಯವಂತರ ಬಾಯಲ್ಲೂ ಕರುಳಲ್ಲೂ ಇದು ಸುಮ್ನೆ ಇರುತ್ತದೆ. ಪೂರ್ತಿ ತೊಲಗಿಸಲು ಆಗುವುದಿಲ್ಲ, ತೊಲಗಿಸಬೇಕಾಗಿಯೂ ಇಲ್ಲ. ಗಟ್ಟಿಯಾಗಿ ಹಿಡಿದುಕೊಳ್ಳಲು ಬಿಡದಿದ್ದರೆ ಸಾಕು.

ಮೊದಲು ಅದು ಹಿಡಿಯುವ ಬಗೆ ನೋಡೋಣ. ದುಂಡಗಿನ ಯೀಸ್ಟ್‌ನ ಹಿಡಿತ ಸಡಿಲ. ಎಂಜಲೇ ಸಾಕಷ್ಟನ್ನು ತೊಳೆದುಬಿಡುತ್ತದೆ. ಮೈಬಿಸಿಯಲ್ಲಿ, ಅನುಕೂಲ ಸಿಕ್ಕಾಗ, ಅದು ಉದ್ದನೆಯ ಎಳೆ ಬಿಡುತ್ತದೆ. ತೊಂದರೆ ಶುರುವಾಗುವುದೇ ಆಗ. ಎಳೆಯ ಮೇಲಿನ ಎಎಲ್‌ಎಸ್3 ಎಂಬ ಪ್ರೋಟೀನ್ ನಮ್ಮ ಕೋಶಗಳ ಇ-ಕ್ಯಾಡ್ಹೆರಿನ್ ಅನ್ನು ಹಿಡಿಯುತ್ತದೆ. ನಮ್ಮ ಕೋಶಗಳು ಒಂದನ್ನೊಂದು ಹಿಡಿದುಕೊಳ್ಳಲು ಬಳಸುವ ಪ್ರೋಟೀನ್ ಅದು! ಎಚ್‌ಡಬ್ಲ್ಯುಪಿ1 ಎಂಬ ಇನ್ನೊಂದು ಪ್ರೋಟೀನ್ ಇನ್ನೂ ಕಿಲಾಡಿ. ನಮ್ಮ ಚರ್ಮದ ಪ್ರೋಟೀನುಗಳನ್ನು ಬೆಸೆಯುವ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವ ಇದನ್ನೂ ನಮ್ಮ ಕೋಶಕ್ಕೇ ಬೆಸೆದುಬಿಡುತ್ತದೆ. ಆಮೇಲೆ ಎಳೆ ಒಳನುಗ್ಗಿ, ಕ್ಯಾಂಡಿಡಾಲೈಸಿನ್ ಎಂಬ ವಿಷ ಬಿಟ್ಟು ಕೋಶದ ಪೊರೆ ತೂತು ಮಾಡುತ್ತದೆ. ಈ ವಿಷ ಬೆಳಕಿಗೆ ಬಂದದ್ದು 2016ರಲ್ಲಿ.

ಇನ್ನು ತಡೆಯುವ ಕೆಲಸ. ಹಲ್ಲಿನ ಸೆಟ್ ಇರುವವರು ರಾತ್ರಿ ಅದನ್ನು ತೆಗೆದೇ ಮಲಗಿ. ಅಂಗುಳಕ್ಕೆ ತಾಗುವ ಬದಿಯನ್ನು ಮೆತ್ತನೆ ಬ್ರಷ್‌ನಿಂದ ತಿಕ್ಕಿ ನೀರಲ್ಲಿ ನೆನೆಹಾಕಿ. ಯೀಸ್ಟ್ ಜಾಸ್ತಿ ಕೂರುವುದು ಅಲ್ಲೇ, ಜನ ತಿಕ್ಕುವುದು ಮಾತ್ರ ಕಾಣುವ ಬದಿಯನ್ನು. ಕುದಿಯುವ ನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ.

ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುತ್ತೀರಾ? ಪ್ರತಿ ಸಲ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಸ್ಪ್ರೇ ಬಗೆಯದ್ದಾದರೆ ಸ್ಪೇಸರ್ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಇಡುವ ಕೊಳವೆ) ಹಾಕಿಕೊಳ್ಳಿ, ಔಷಧ ಗಂಟಲಲ್ಲಿ ಕೂರುವುದು ಕಡಿಮೆಯಾಗುತ್ತದೆ. ಹೆದರಿ ಇನ್‌ಹೇಲರ್ ಬಿಡಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ನೆಗಡಿಗೆಲ್ಲ ಆಂಟಿಬಯೋಟಿಕ್ ನುಂಗಿದರೆ ಯೀಸ್ಟ್‌ಗೆ ಪೈಪೋಟಿ ಕೊಡುವ ಬ್ಯಾಕ್ಟೀರಿಯಾ ಸಾಯುತ್ತವೆ, ಅಷ್ಟೇ.

ಪದರ ಆಗಲೇ ಬಂದಿದ್ದರೆ ನಿಸ್ಟಾಟಿನ್, ಕ್ಲೋಟ್ರಿಮಜೋಲ್ ಅಥವಾ ಫ್ಲುಕೋನಜೋಲ್ ಕೊಡುತ್ತಾರೆ. ಇವು ಅಂಟುವಿಕೆಯನ್ನಲ್ಲ, ಯೀಸ್ಟ್‌ನ ಪೊರೆಯನ್ನು ಗುರಿಯಾಗಿಸುತ್ತವೆ. ಔಷಧ ತಗೊಂಡು ಅದೇ ಕೊಳೆ ಸೆಟ್ ಹಾಕಿಕೊಂಡರೆ ಮತ್ತೆ ಬರುತ್ತದೆ, ಅಲ್ವಾ? ಎಎಲ್‌ಎಸ್3 ಅನ್ನೇ ಗುರಿಯಾಗಿಸಿದ ಎನ್‌ಡಿವಿ-3ಎ ಎಂಬ ಲಸಿಕೆಯನ್ನು ಪದೇ ಪದೇ ಯೋನಿ ಸೋಂಕಾಗುವ ಮಹಿಳೆಯರಲ್ಲಿ ಪರೀಕ್ಷಿಸಲಾಗಿದೆ. 40ರೊಳಗಿನವರಲ್ಲಿ ಒಂದಿಷ್ಟು ಪ್ರಯೋಜನ ಕಂಡಿತು.

ನುಂಗುವಾಗ ನೋವಿದ್ದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಆಗ, ಅಥವಾ ಕೀಮೋಥೆರಪಿ ನಡೆಯುತ್ತಿದ್ದರೆ, ಮನೆಮದ್ದು ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗಿ.