ಹಳೆ ಮ್ಯಾಸಿಗೆ ಅದೇ ಹಳೆ ಕೆಂಪು ಬರಬೇಕೆಂದರೆ

ನಮ್ಮ ಪಕ್ಕದೂರಿನ ಪರಿಚಯದವರೊಬ್ಬರು ಅಪ್ಪನ ಕಾಲದ ಮ್ಯಾಸಿ 1035 ಟ್ರ್ಯಾಕ್ಟರನ್ನು ಹೊಸದರ ಹಾಗೆ ಮಾಡಿಸಲು ಹೊರಟರು. ಇಂಜಿನ್ ಬಿಚ್ಚಿ ಕಟ್ಟಿಸಿದರು, ಟೈರು ಹಾಕಿಸಿದರು, ಸೀಟಿಗೆ ರೆಕ್ಸಿನ್ ಹೊಲಿಸಿದರು. ಬಣ್ಣದ ಸರದಿ ಬಂದಾಗ ಮಾತ್ರ ಸೀದಾ ಅಂಗಡಿಗೆ ಹೋಗಿ 'ಮ್ಯಾಸಿ ಕೆಂಪು ಕೊಡಿ' ಅಂದರು. ಅಂಗಡಿಯವನು ಶೆಲ್ಫಿನಿಂದ ಒಂದು ಡಬ್ಬಿ ಇಳಿಸಿ ಕೊಟ್ಟ. ಹೊಡೆದ ಮೇಲೆ ನೋಡಿದರೆ ಗಾಡಿ ಥೇಟ್ ಫೈರ್ ಇಂಜಿನ್! ಅವರ ತಾಯಿ ಅಂಗಳಕ್ಕೆ ಬಂದು 'ಯಾರದೋ ಇದು ಗಾಡಿ?' ಅಂದರಂತೆ.

ಇಂಥದ್ದನ್ನು ನಾನು ಮೂರ್ನಾಲ್ಕು ಕಡೆ ನೋಡಿದ್ದೇನೆ. ನಾನೂ ಒಂದು ಸಲ ಕೆಡಿಸಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ಎಲ್ಲರ ತಪ್ಪೂ ಒಂದೇ. ಮೂಲ ಬಣ್ಣವನ್ನು ಡಬ್ಬಿಯಲ್ಲಿ ಹುಡುಕುತ್ತಾರೆ, ಇಲ್ಲ ಫೋನಿನಲ್ಲಿ ಹುಡುಕುತ್ತಾರೆ. ಅದು ಇರುವುದು ಅವರ ಗಾಡಿಯ ಮೇಲೇ, ನಾಲ್ಕು ಪದರದ ಕೆಳಗೆ.

ಫೋನಿನಲ್ಲಿ ಸಿಗುವ ಇಂಗ್ಲೆಂಡಿನ ಶೇಡ್ ನಂಬರ್‌ಗಳನ್ನು ಬಿಟ್ಟುಬಿಡಿ. ನಮ್ಮ 1035ರ ಅಜ್ಜ ಅನ್ನಬಹುದಾದ ಫರ್ಗುಸನ್ 35 ಕವೆಂಟ್ರಿಯಲ್ಲಿ 1956ರಲ್ಲಿ ಬಂದಾಗ ಕೆಂಪೇ ಇರಲಿಲ್ಲ, ಬೂದು ಮತ್ತು ಕಂಚಿನ ಬಣ್ಣ ಇತ್ತು. ಕೆಂಪು ಬಂದಿದ್ದು 1957ರ ಕೊನೆಗೆ. ನಮ್ಮಲ್ಲಿ ಮ್ಯಾಸಿ ಮಾಡುವ ಟಾಫೆ ಶುರುವಾಗಿದ್ದು 1960ರಲ್ಲಿ, ಮದ್ರಾಸಿನಲ್ಲಿ. ಅಲ್ಲಿನ ಕೆಂಪು, ಇಲ್ಲಿನ ಕೆಂಪು, ಆ ವರ್ಷದ ಕೆಂಪು, ಈ ವರ್ಷದ ಕೆಂಪು ಎಲ್ಲಾ ಒಂದೇ ಅಂತ ನಂಬಿ ಕೂತರೆ ಫೈರ್ ಇಂಜಿನ್ನೇ ಗತಿ. ನಿಮ್ಮದು ಮಹೀಂದ್ರ ಬಿ-275 ಇರಲಿ, ಫೋರ್ಡ್ 3600 ಇರಲಿ, ಕೆಳಗೆ ಹೇಳುವ ಕೆಲಸ ಅದೇ.

ಮೊದಲು ತೊಳೆಯಿರಿ

ಸೋಪಿನ ನೀರು, ಬ್ರಷ್ಷು. ಗ್ರೀಸ್ ಇರುವಲ್ಲಿ ಸೀಮೆಎಣ್ಣೆ, ಆಮೇಲೆ ಮತ್ತೆ ಸೋಪು. ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಆದರೆ ಹೊಳೆಯಲಿ ಅಂತ ಡೀಸೆಲ್ ಬಟ್ಟೆಯಲ್ಲಿ ಒರೆಸುವ ಚಟ ನಮ್ಮ ಡ್ರೈವರ್‌ಗಳಿಗೆಲ್ಲ ಇದೆ, ಅದನ್ನು ಇವತ್ತೇ ನಿಲ್ಲಿಸಿ. ಡೀಸೆಲ್ ಒರೆಸಿದ ಜಾಗದ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ, ಹೊಸ ಬಣ್ಣವೂ ಅಲ್ಲಿ ಹಿಡಿಯುವುದಿಲ್ಲ.

ಬಿಸಿಲು ಕಾಣದ ಜಾಗ ಹುಡುಕಿ

ಬಾನೆಟ್ಟಿನ ಮೇಲ್ಭಾಗ ನೋಡಿ ಬಣ್ಣ ಮಾಡಿಸಬೇಡಿ. ಮೂವತ್ತು ನಲವತ್ತು ವರ್ಷದ ಬಿಸಿಲಿಗೆ ಕೆಂಪು ಸುಣ್ಣ ಹಿಡಿದ ಹಾಗೆ ಬಿಳಿಚಿಕೊಂಡಿರುತ್ತದೆ. ಬೆರಳಿಟ್ಟು ಉಜ್ಜಿದರೆ ಪುಡಿ ಬರುತ್ತದೆ. ಅದನ್ನು ನೋಡಿ ಬೆರೆಸಿದರೆ ಮಾಸಿದ ಬಣ್ಣವನ್ನೇ ಹೊಸದಾಗಿ ಹೊಡೆದ ಹಾಗಾಗುತ್ತದೆ.

ಹುಡುಕಬೇಕಾದ್ದು ಮುಚ್ಚಿಕೊಂಡ ಜಾಗಗಳನ್ನು. ನಂಬರ್ ಪ್ಲೇಟ್ ಬಿಚ್ಚಿ ಅದರ ಹಿಂದೆ ನೋಡಿ. ಹೆಡ್‌ಲೈಟಿನ ರಿಂಗ್ ಕೆಳಗೆ, ಕಂಪನಿಯ ಹೆಸರಿನ ಪಟ್ಟಿಯ ಕೆಳಗೆ, ಮಡ್‌ಗಾರ್ಡಿಗೆ ಲೈಟು ಕೂರಿಸಿದ ರಬ್ಬರ್ ವಾಷರಿನ ಕೆಳಗೆ, ಟೂಲ್ ಬಾಕ್ಸ್ ಕೂತ ಜಾಗದಲ್ಲಿ. ನನ್ನ ಅನುಭವದಲ್ಲಿ ಮಡ್‌ಗಾರ್ಡಿನ ಲೈಟ್ ವಾಷರೇ ಎಲ್ಲಕ್ಕಿಂತ ಒಳ್ಳೆಯದು. ಬಾನೆಟ್ಟಿನ ಒಳಮೈ ನೋಡಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಅಲ್ಲಿ ಬಣ್ಣ ತೆಳ್ಳಗೆ ಬಿದ್ದಿರುತ್ತದೆ, ಬಣ್ಣಕ್ಕೂ ಮೊದಲು ತಗಡಿಗೆ ಹೊಡೆಯುವ ಪ್ರೈಮರ್ ಕೆಳಗಿನಿಂದ ಇಣುಕಿ ಕೆಂಪನ್ನು ಮಂಕು ಮಾಡುತ್ತದೆ. ಮೇಲೆ ಇಂಜಿನ್ ಕಾವು ಬೇರೆ.

ಉಂಗುರ ತೆಗೆಯುವುದು

ಎಲ್ಲರೂ ಹಾರಿ ಹೋಗುವ ಹಂತ ಇದು. ಇದಕ್ಕೆ ಒಂದು ಇಡೀ ಬೆಳಗ್ಗೆ ಇಟ್ಟುಕೊಳ್ಳಿ.

ನಮ್ಮ ಕಡೆ ಟ್ರ್ಯಾಕ್ಟರಿಗೆ ಆಯುಧ ಪೂಜೆ ಬಂತೆಂದರೆ ಬಣ್ಣ. ಪೂರ್ತಿ ಅಲ್ಲದಿದ್ದರೂ ಮುಂದಿನ ಮೂತಿಗೆ, ಮಡ್‌ಗಾರ್ಡಿಗೆ ಬ್ರಷ್ಷಿನಲ್ಲಿ ಒಂದು ಕೈ. ಹಾಗಾಗಿ ಮುಚ್ಚಿದ ಜಾಗದಲ್ಲೂ ಕಾಣುವ ಕೆಂಪು ಕಾರ್ಖಾನೆಯದ್ದೇ ಅಂತ ಹೇಳಲಾಗುವುದಿಲ್ಲ. ಯಾವನೋ ಲೈಟು ಬಿಚ್ಚಿ ಬಣ್ಣ ಹೊಡೆದು ಮತ್ತೆ ಕೂರಿಸಿರಬಹುದು. ಪದರ ಎಣಿಸಿಯೇ ನೋಡಬೇಕು.

ಮಡ್‌ಗಾರ್ಡಿನ ಮೇಲೆ ಸಪಾಟಾದ ಜಾಗ ಆರಿಸಿ. 320 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳು ಕಾಗದ) ಸೋಪಿನ ನೀರಿನಲ್ಲಿ ಅದ್ದಿ, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ದುಂಡಗೆ ಉಜ್ಜುತ್ತಾ ಹೋಗಿ. ನಡುವೆ ತಗಡು ಬೆಳ್ಳಗೆ ಕಂಡ ಕೂಡಲೇ ನಿಲ್ಲಿಸಿ. ಈಗ 600ರ ಪೇಪರ್ ಹಿಡಿದು ಹೊರಗಡೆಗೆ ಅಗಲ ಮಾಡಿ, ಅಂಗೈಯಷ್ಟಾಗುವ ತನಕ. ಒಳಗೆ ಆಳ, ಹೊರಗೆ ಬರುತ್ತಾ ಇಳಿಜಾರು. ಆಗ ಕಡಿದ ಮರದ ಬೊಡ್ಡೆಯಲ್ಲಿ ಕಾಣುವ ಹಾಗೆ ಒಂದರ ಸುತ್ತ ಒಂದು ಉಂಗುರ ಏಳುತ್ತದೆ.

ಒಣಗಿದ ಪೇಪರಿನಲ್ಲಿ ಉಜ್ಜಬೇಡಿ. ಹಳೆ ಬಣ್ಣಗಳಲ್ಲಿ ಸೀಸ ಇರುವುದುಂಟು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ, ಅಂದಮೇಲೆ 70ರ ದಶಕದ ಟ್ರ್ಯಾಕ್ಟರ್ ಬಣ್ಣದ ಕತೆ ನೀವೇ ಯೋಚಿಸಿ. ಪುಡಿ ಹಾರಬಾರದು. ಮಕ್ಕಳು ಹತ್ತಿರ ಸುಳಿಯಬಾರದು. ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ದನ ನೀರು ಕುಡಿಯುವ ಕಡೆ ಚೆಲ್ಲಬೇಡಿ.

ಉಂಗುರಗಳನ್ನು ಒಳಗಿನಿಂದ ಹೊರಗೆ ಓದಬೇಕು. ನಮ್ಮ ಗಾಡಿಯಲ್ಲಿ ಕಂಡಿದ್ದು ಹೀಗೆ. ನಡುವೆ ತಗಡು. ಅದರ ಸುತ್ತ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್ ಪ್ರೈಮರ್. ಆಮೇಲೆ ಸ್ವಲ್ಪ ಗಾಢವಾದ, ಹಣ್ಣಾದ ಕೆಂಪು ಮೆಣಸಿನಕಾಯಿಯಂಥ ಕೆಂಪು. ಅದರ ಹೊರಗೆ ಕೂದಲಿನಷ್ಟು ತೆಳುವಾದ ಬೂದು ಗೆರೆ. ಆಮೇಲೆ ಮರೂನ್ ಕಡೆ ವಾಲಿದ ಕೆಂಪು, ಕೊನೆಗೆ ಕಿತ್ತಳೆ ಹೊಡೆಯುವ ಕೆಂಪು. ಮೂರು ಕೆಂಪು, ಮೂರೂ ಬೇರೆ! ಆ ಬೂದು ಗೆರೆ ಅಂದರೆ ಯಾರೋ ನಡುವೆ ಪ್ರೈಮರ್ ಹಾಕಿ ಹೊಸದಾಗಿ ಹೊಡೆಸಿದ್ದಾರೆ ಅಂತ ಅರ್ಥ. ಹಾಗಾಗಿ ಮೊದಲ ಪ್ರೈಮರಿಗೆ ಅಂಟಿಕೊಂಡ ಮೆಣಸಿನಕಾಯಿ ಕೆಂಪೇ ಕಾರ್ಖಾನೆಯದ್ದು.

ಇಲ್ಲಿ ಎರಡು ಕಡೆ ಮೋಸ ಹೋಗುತ್ತೀರಿ. ಒಂದು, ರೆಡ್ ಆಕ್ಸೈಡನ್ನೇ ಮೂಲ ಬಣ್ಣ ಅಂದುಕೊಳ್ಳುವುದು. ಹೊಳಪು ಬರಿಸುವ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ನೋಡಿ, ಆಕ್ಸೈಡು ಎಷ್ಟು ಉಜ್ಜಿದರೂ ಮಂಕಾಗಿಯೇ ಇರುತ್ತದೆ, ಬಣ್ಣವಾದರೆ ಹೊಳಪು ಬರುತ್ತದೆ. ಇನ್ನೊಂದು, ಭಾಗವೇ ಬದಲಾಗಿರುವುದು. ಕಬ್ಬಿನ ಟ್ರೇಲರ್ ಎಳೆದ ಗಾಡಿಗೆ ಹುಟ್ಟಿದಾಗಿನ ಬಾನೆಟ್ಟೇ ಇರಬೇಕೆಂದಿಲ್ಲ. ಅದಕ್ಕೇ ಮಡ್‌ಗಾರ್ಡಿನಲ್ಲಿ ಒಂದು, ಬಾನೆಟ್ಟಿನಲ್ಲಿ ಒಂದು ಉಂಗುರ ತೆಗೆಯಿರಿ. ಎರಡರಲ್ಲೂ ಕೆಳಗಿನ ಕೆಂಪು ಒಂದೇ ಆದರೆ ಸರಿ. ಒಂದರಲ್ಲಿ ಪದರ ಕಮ್ಮಿ ಇದ್ದರೆ ಆ ಭಾಗ ಆಮೇಲೆ ಬಂದದ್ದು, ಅದನ್ನು ನಂಬಬೇಡಿ.

ಸರಿಯಾದ ಉಂಗುರ ಸಿಕ್ಕ ಮೇಲೆ ಅದನ್ನು ಎರಡು ಬೆರಳಿನಷ್ಟು ಅಗಲ ಮಾಡಿ. 1000, ಆಮೇಲೆ 2000ದ ಪೇಪರ್, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಪೇಪರಿನ ಗೀರು ಉಳಿದರೆ ಬೆಳಕು ಚೆದುರಿ ಬಣ್ಣ ಬೆಳ್ಳಗೆ ಕಾಣುತ್ತದೆ. ಕನ್ನಡಿಯ ಹಾಗೆ ಆಗಬೇಕು. ಆ ಕ್ಷಣ ಒಂಥರಾ ಖುಷಿ ಕೊಡುತ್ತದೆ, ಗಾಡಿ ಶೋರೂಮಿನಿಂದ ಬಂದ ದಿನದ ಬಣ್ಣ ಅಷ್ಟಗಲ ಹೊಳೆಯುತ್ತಾ ಇರುತ್ತದೆ.

ಅಂಗಡಿಗೆ ಗಾಡಿಯ ಭಾಗವನ್ನೇ ಒಯ್ಯಿರಿ

ಫೋಟೋ ಬೇಡ. ಫೋನಿನ ಕ್ಯಾಮೆರಾ ಕೆಂಪನ್ನು ತನಗೆ ಬೇಕಾದ ಹಾಗೆ ಬದಲಿಸುತ್ತದೆ. ಮಡ್‌ಗಾರ್ಡ್ ಬಿಚ್ಚಿ ಆಟೋದಲ್ಲಿ ಹಾಕಿಕೊಂಡು ಹೋಗಿ, ಜನ ನೋಡಿದರೆ ನೋಡಲಿ. ಕಾರಿನ ಬಣ್ಣ ಬೆರೆಸುವ ಅಂಗಡಿಗಳು ಈಗ ದೊಡ್ಡ ಊರುಗಳಲ್ಲೆಲ್ಲ ಇವೆ. ಕೆಲವರ ಹತ್ತಿರ ಬಣ್ಣ ಓದುವ ಮೆಷೀನ್ ಇರುತ್ತದೆ. ಉಂಗುರದ ಮೇಲೆ ಒತ್ತಿ ಹಿಡಿದರೆ ಯಾವ ಟಿಂಟರ್ (ಬೆರೆಸಲು ಇರುವ ಗಟ್ಟಿ ಬಣ್ಣ) ಎಷ್ಟು ಗ್ರಾಂ ಅಂತ ಕಂಪ್ಯೂಟರ್ ಹೇಳುತ್ತದೆ. ಒಳ್ಳೆಯದೇ, ಆದರೆ ಅದು ಹೇಳುವುದು ಹತ್ತಿರದ ಬಣ್ಣವನ್ನು ಮಾತ್ರ. ಕೊನೆಯ ನಾಲ್ಕಾಣೆ ಕೆಲಸ ಕಣ್ಣಿನದ್ದು. ಮೆಷೀನ್ ಇಲ್ಲದಿದ್ದರೂ ಕೈಗುಣ ಇರುವ ಹಳೆ ಮಿಕ್ಸಿಂಗ್ ಮೇಸ್ತ್ರಿ ಸಿಕ್ಕರೆ ನಾನು ಅವರ ಹತ್ತಿರವೇ ಹೋಗುತ್ತೇನೆ.

ಮೊದಲು 100 ಗ್ರಾಂ ಮಾತ್ರ ಬೆರೆಸಲು ಹೇಳಿ, ಪಕ್ಕದಲ್ಲೇ ನಿಂತುಕೊಳ್ಳಿ. ಕೆಂಪು ಕಪ್ಪಾಯಿತು, ತಿಳಿ ಮಾಡಬೇಕು ಅಂತ ಬಿಳಿ ಹಾಕಲು ಹೋದರೆ ಕೈ ಹಿಡಿಯಿರಿ, ಗುಲಾಬಿ ಆಗುತ್ತದೆ. ತಿಳಿ ಮಾಡಲು ಕಿತ್ತಳೆ ಇಲ್ಲವೇ ಹಳದಿ ಹನಿ ಬೇಕು. ಗಾಢ ಮಾಡಲು ಕಪ್ಪಿಗಿಂತ ಮರೂನ್ ವಾಸಿ, ಕಪ್ಪು ಒಂದು ಹನಿ ಹೆಚ್ಚಾದರೂ ಕೊಳೆ ಬಣ್ಣ ಬರುತ್ತದೆ. ಪ್ರತಿ ಹನಿಯ ಲೆಕ್ಕ ಚೀಟಿಯಲ್ಲಿ ಬರೆಸಿಕೊಳ್ಳಿ.

ಬೂದು ಬಣ್ಣದ ಗೋಳು ಕಮ್ಮಿ. ಇಂಜಿನ್, ಗೇರ್ ಬಾಕ್ಸ್ ಮೇಲೆ ಎಣ್ಣೆ, ಕಾವು ಸೇರಿ ಹಳದಿಯಾಗಿರುತ್ತದೆ, ಸ್ಟಾರ್ಟರ್ ಮೋಟರ್ ಬಿಚ್ಚಿದ ಜಾಗದಲ್ಲಿ ನಿಜವಾದದ್ದು ಸಿಗುತ್ತದೆ. ಕಪ್ಪು ಬಿಳಿ ಎರಡನ್ನೇ ಬೆರೆಸಿದರೆ ನೀಲಿ ಹೊಡೆಯುವ ಬೂದು ಬರುತ್ತದೆ, ಬೇಕಾದರೆ ಒಂದು ಚಿಟಿಕೆ ಹಳದಿ ಆಕ್ಸೈಡು ಹಾಕಿಸಿ.

ತಗಡಿನ ಮೇಲೆ ಹೊಡೆದು ನೋಡಿ

ಇಲ್ಲಿ ನಾನು ಕೆಡಿಸಿದ್ದು. ಅಂಗಡಿಯವನು ಕಡ್ಡಿಯಲ್ಲಿ ಅದ್ದಿ ಉಂಗುರದ ಪಕ್ಕ ಒಂದು ಗೆರೆ ಎಳೆದು ತೋರಿಸಿದ. ಸಂಜೆ ಏಳೂವರೆ, ಟ್ಯೂಬ್‌ಲೈಟು. ಎರಡೂ ಒಂದೇ ಕಂಡಿತು. 'ಆಯ್ತು, ಪೂರ್ತಿ ಮಾಡಿ' ಅಂದೆ. ಬೆಳಗ್ಗೆ ಹಿತ್ತಲಲ್ಲಿ ಇಟ್ಟು ನೋಡಿದರೆ ಡಬ್ಬಿಯ ಬಣ್ಣ ಟೊಮೆಟೊ. ಬೇರೆ ಬೇರೆ ಟಿಂಟರ್‌ನಿಂದ ಮಾಡಿದ ಎರಡು ಬಣ್ಣ ಒಂದು ಬೆಳಕಿನಲ್ಲಿ ಅವಳಿ ಜವಳಿ ಹಾಗೆ ಕಂಡು ಇನ್ನೊಂದರಲ್ಲಿ ಬೇರೆಯಾಗುವುದು ಮಾಮೂಲು ಅಂತ ಗೊತ್ತಾಗಿದ್ದು ಆಮೇಲೆ. ಆ ಒಂದೂವರೆ ಲೀಟರ್ ಬಣ್ಣ ಕೊನೆಗೆ ನಮ್ಮ ಗೇಟಿಗೆ ಹೋಯಿತು. ಗೇಟು ಚೆನ್ನಾಗಿದೆ.

ಕಡ್ಡಿ ಗೆರೆ ಸಾಲದು. ಒಂದು ತಗಡಿನ ತುಂಡಿಗೆ ಗಾಡಿಗೆ ಹಾಕುವ ಪ್ರೈಮರನ್ನೇ ಹಾಕಿ, ಅದೇ ಥಿನ್ನರ್, ಅದೇ ಗನ್, ಅಷ್ಟೇ ಕೋಟ್ ಹೊಡೆಯಿರಿ. ಕೆಂಪು ತನ್ನ ಕೆಳಗಿನದನ್ನು ಚೆನ್ನಾಗಿ ಮುಚ್ಚುವ ಬಣ್ಣವಲ್ಲ. ಬಿಳಿ ಪ್ರೈಮರ್ ಮೇಲೆ ಒಂದು ತರ, ಆಕ್ಸೈಡ್ ಮೇಲೆ ಒಂದು ತರ ಕಾಣುತ್ತದೆ. ಪೂರ್ತಿ ಒಣಗಲು ಬಿಡಿ, ಎನಾಮಲ್ ಹಸಿಯಿದ್ದಾಗಿನ ಬಣ್ಣವೇ ಬೇರೆ, ಒಣಗಿದ ಮೇಲಿನದ್ದೇ ಬೇರೆ.

ಆಮೇಲೆ ತಗಡನ್ನು ಮಡ್‌ಗಾರ್ಡಿನ ಉಂಗುರಕ್ಕೆ ಅಂಚಿಗೆ ಅಂಚು ತಾಗಿಸಿ ಇಡಿ. ನಡುವೆ ಸಂದು ಬಿಟ್ಟರೆ ಕಣ್ಣು ಸುಳ್ಳು ಹೇಳುತ್ತದೆ. ಸುತ್ತಲಿನ ಬೇರೆ ಕೆಂಪುಗಳು ಕಾಣದ ಹಾಗೆ ಬೂದು ರಟ್ಟಿನಲ್ಲಿ ಕಿಂಡಿ ಕೊರೆದು ಮೇಲಿಡಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಯಲಿನ ನೆರಳಲ್ಲಿ ಒಂದು ಸಲ, ಬಿಸಿಲಲ್ಲಿ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ ನೋಡಿ. ನೀಲಿ ಟಾರ್ಪಾಲಿನ ಕೆಳಗೆ ನೋಡಬೇಡಿ, ಕೆಂಪು ಅಂಗಿ ಹಾಕಿಕೊಂಡೂ ನೋಡಬೇಡಿ, ನಗಬೇಡಿ, ಅಂಗಿಯ ಬಣ್ಣ ತಗಡಿಗೆ ಬಡಿಯುತ್ತದೆ. ಕೆಂಪನ್ನೇ ದಿಟ್ಟಿಸುತ್ತಾ ಕೂತರೆ ಕಣ್ಣು ಸೋತು ಎಲ್ಲಾ ಒಂದೇ ಕಾಣುತ್ತದೆ. ಐದು ಸೆಕೆಂಡ್ ನೋಡಿ, ಸಿಮೆಂಟ್ ಗೋಡೆ ಕಡೆ ತಿರುಗಿ, ಮತ್ತೆ ನೋಡಿ. ಮನೆಯ ಇನ್ನೊಬ್ಬರನ್ನೂ ಕರೆಯಿರಿ. ನಮ್ಮ ಮನೆಯಲ್ಲಿ ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಆರಿಸುವ ಅಕ್ಕನ ಕಣ್ಣೇ ಕೊನೆಯ ತೀರ್ಪು. ನನಗೆ ಸರಿ ಕಂಡ ಎರಡು ತಗಡನ್ನು ಅವಳು 'ಒಂದು ಹಳದಿ ಜಾಸ್ತಿ, ಒಂದು ಮಂಕು' ಅಂತ ವಾಪಸ್ ಕಳಿಸಿದಳು. ಮೂರನೆಯದು ಪಾಸಾಯಿತು.

ಹೊಡೆಯುವಾಗ

ಪಾಸಾದ ಮೇಲೆ ಬೇಕಾದ ಅಷ್ಟೂ ಬಣ್ಣ ಒಂದೇ ಸಲ ಬೆರೆಸಿಕೊಳ್ಳಿ. ಅರ್ಧ ಗಾಡಿಗೆ ಸಾಲದೆ ಮತ್ತೆ ಮಾಡಿಸಿದ ಬಣ್ಣ ಕೂಡುವುದಿಲ್ಲ.

ಯಾವ ಜಾತಿಯ ಬಣ್ಣ ಅನ್ನುವುದರಲ್ಲಿ ನನ್ನದು ಹಠ. ಸಿಂಥೆಟಿಕ್ ಎನಾಮಲ್. ಪೇಂಟರ್‌ಗಳು ಪಿ.ಯು. (ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ) ಹೊಡೆದು ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಹಾಕೋಣ ಅನ್ನುತ್ತಾರೆ. ಬಾಳಿಕೆ ಜಾಸ್ತಿ, ನಿಜ. ಆದರೆ ಗಾಜು ಹೊದಿಸಿದಂಥ ಆ ಹೊಳಪಿನಲ್ಲಿ ಸರಿಯಾದ ಕೆಂಪೂ ತಪ್ಪು ಕಾಣುತ್ತದೆ, ಹಳೆ ಟ್ರ್ಯಾಕ್ಟರ್ ಮದುವೆ ಕಾರಿನ ಹಾಗೆ ಆಗುತ್ತದೆ. ಪಿ.ಯು. ಬೇಕೇ ಬೇಕು ಅಂದರೆ ಕ್ಲಿಯರ್ ಬಿಡಿ. ಅದರ ಹಾರ್ಡನರ್ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು, ಮೂಗಿಗೆ ಟವೆಲ್ ಸುತ್ತಿಕೊಂಡರೆ ಏನೂ ತಡೆಯುವುದಿಲ್ಲ, ಅದಕ್ಕೆಂದೇ ಇರುವ ಮಾಸ್ಕ್ ಹಾಕಿಕೊಳ್ಳಿ. ಸ್ಪ್ರೇ ಕ್ಯಾನಿನಲ್ಲಿ ಇಡೀ ಬಾನೆಟ್ ಮುಗಿಸುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ.

ಹೊಡೆಯುವ ಮುಂಚೆ ಪಾಲಿಶ್, ಎಣ್ಣೆಯ ಪಸೆ ಪೂರ್ತಿ ತೆಗೆಯಿರಿ. ವರ್ಷವರ್ಷವೂ ಕುಂಕುಮ ಹಚ್ಚಿದ ಮೂತಿಯ ಜಾಗವನ್ನು ಇನ್ನೊಂದು ಸಲ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಪಸೆ ಉಳಿದರೆ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ದುಂಡಗೆ ಬಿಟ್ಟುಕೊಳ್ಳುತ್ತದೆ. ತೆಳ್ಳಗೆ ಮೂರು ಕೋಟ್, ದಪ್ಪ ಒಂದು ಬೇಡ.

ಮುಗಿದ ಮೇಲೆ ಉಳಿದ ಬಣ್ಣವನ್ನು ಗಾಜಿನ ಬಾಟಲಿಗೆ ಬಾಯಿ ತನಕ ತುಂಬಿ ಮುಚ್ಚಿಡಿ. ಪಾಸಾದ ತಗಡು, ಹನಿ ಲೆಕ್ಕದ ಚೀಟಿ ಎರಡನ್ನೂ ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ, ಗಾಡಿಯ ಆರ್‌ಸಿ ಜೊತೆಗೇ. ಒಂದು ತಿಂಗಳಾದರೂ ಸ್ಟಿಕ್ಕರ್ ಅಂಟಿಸಬೇಡಿ, ಎನಾಮಲ್ ಒಳಗೆ ಇನ್ನೂ ಹಸಿ ಇರುತ್ತದೆ. ಆಯುಧ ಪೂಜೆ ಹತ್ತಿರ ಇದ್ದರೆ ಈ ವರ್ಷ ಕುಂಕುಮ, ಅರಿಶಿನ ಎರಡನ್ನೂ ಸ್ಟೀರಿಂಗಿಗೆ ಹಚ್ಚಿ, ಬಾನೆಟ್ಟಿಗೆ ಹೂವಿನ ಹಾರ ಸಾಕು ಅಂತ ಅಮ್ಮನಿಗೆ ಈಗಲೇ ಹೇಳಿಡಿ.