ಲ್ಯಾಪ್ ಸ್ಟೀಲ್ ಗಿಟಾರ್: ಮೂರು ಫ್ರೆಟ್‌ಗಳಲ್ಲಿ ಆರು ಕಾರ್ಡ್‌ಗಳು

ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಬಾರನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಲ್ಯಾಪ್ ಸ್ಟೀಲ್ ಗಿಟಾರನ್ನು ನಮ್ಮಲ್ಲಿ ಹಲವರು ಹವಾಯಿಯನ್ ಗಿಟಾರ್ ಎಂದೇ ಬಲ್ಲರು. ಸಾಮಾನ್ಯ ಗಿಟಾರಿನಲ್ಲಿ ಪ್ರತಿ ಕಾರ್ಡಿಗೂ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬೆರಳುಗಳನ್ನು ಬೇರೆ ಬೇರೆ ರೀತಿಯಲ್ಲಿ ಇಡಬೇಕಾಗುತ್ತದೆ. ಇಲ್ಲಿ ನೇರವಾದ ಬಾರ್ ಆರೂ ತಂತಿಗಳನ್ನು ಒಂದೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಗೆರೆ) ಮುಟ್ಟುವುದರಿಂದ, ಯಾವ ಕಾರ್ಡ್ ಸಿಗುತ್ತದೆಂಬುದನ್ನು ತಂತಿಗಳ ಶ್ರುತಿಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ಮೊದಲು ಶ್ರುತಿಯನ್ನು ಆರಿಸಿಕೊಳ್ಳಬೇಕು.

ಹೊಸಬರಿಗೆ ಓಪನ್ ಜಿ ಶ್ರುತಿಯನ್ನು ಸೂಚಿಸುವವರು ಹಲವರಿದ್ದಾರೆ. ದಪ್ಪ ತಂತಿಯಿಂದ ತೆಳು ತಂತಿಯತ್ತ ಡಿ, ಜಿ, ಡಿ, ಜಿ, ಬಿ, ಡಿ ಸ್ವರಗಳಿಗೆ ಶ್ರುತಿ ಮಾಡಿದರೆ ಬಾರ್ ಇಡದೆಯೇ ಜಿ ಮೇಜರ್ (ಉಲ್ಲಾಸದ ಛಾಯೆಯ ಕಾರ್ಡ್), 5ನೇ ಫ್ರೆಟ್‌ನಲ್ಲಿ ಸಿ, 7ನೇ ಫ್ರೆಟ್‌ನಲ್ಲಿ ಡಿ ದೊರೆಯುತ್ತವೆ. ಆದರೆ ಈ ಶ್ರುತಿಯಲ್ಲಿ ಮೈನರ್ (ವಿಷಾದದ ಛಾಯೆಯ) ಕಾರ್ಡಿನ ಮೂರೂ ಸ್ವರಗಳು ನೇರ ಬಾರಿಗೆ ಸಿಗುವುದಿಲ್ಲ. ಎರಡೇ ತಂತಿಗಳನ್ನು ಮೀಟಿ ಅದನ್ನು ಸೂಚಿಸಬೇಕಾಗುತ್ತದೆ. ಮೈನರ್ ಇಲ್ಲದ ಹಾಡುಗಳು ಕಡಿಮೆಯಾದ್ದರಿಂದ, ನನ್ನ ದೃಷ್ಟಿಯಲ್ಲಿ ಸಿ6 ಶ್ರುತಿಯಿಂದಲೇ ಆರಂಭಿಸುವುದು ಲೇಸು.

ಸಿ6 ಶ್ರುತಿಯಲ್ಲಿ ದಪ್ಪನೆಯ 6ನೇ ತಂತಿಯಿಂದ ತೆಳುವಾದ 1ನೆಯದರವರೆಗೆ ಕ್ರಮವಾಗಿ ಸಿ, ಇ, ಜಿ, ಎ, ಸಿ, ಇ ಸ್ವರಗಳಿರುತ್ತವೆ. ಸಾಮಾನ್ಯ ಗಿಟಾರಿನ ತಂತಿಗಳನ್ನೇ ಹೀಗೆ ಬಿಗಿಯಲು ಹೋಗಬಾರದು. ದಪ್ಪನೆಯ ಇ ತಂತಿಯನ್ನು ಎಂಟು ಅರ್ಧಸ್ವರಗಳಷ್ಟು ಮೇಲಕ್ಕೆ ಏರಿಸಬೇಕಾಗುತ್ತದೆ, ಅಷ್ಟರೊಳಗೆ ಅದು ಕಡಿದುಹೋಗಬಹುದು. ಈ ಶ್ರುತಿಗೆಂದೇ ಮಾರುವ ತಂತಿಗಳ ಸೆಟ್ಟನ್ನು ಕೊಂಡು, ಟ್ಯೂನರ್ ನೋಡಿಕೊಂಡು ಹೊಂದಿಸಬೇಕು.

ಈಗ 12ನೇ ಫ್ರೆಟ್‌ನ ಮೇಲೆ ಬಾರ್ ಇಟ್ಟು, ನಿಮ್ಮ ಮೈಗೆ ಹತ್ತಿರವಿರುವ 6, 5, 4ನೇ ತಂತಿಗಳನ್ನು ಮಾತ್ರ ಮೀಟಿದರೆ ಸಿ, ಇ, ಜಿ ಸೇರಿ ಸಿ ಮೇಜರ್ ಕೇಳಿಸುತ್ತದೆ. ಬಾರನ್ನು ಕದಲಿಸದೆ 3, 2, 1ನೇ ತಂತಿಗಳನ್ನು ಮೀಟಿದರೆ ಎ, ಸಿ, ಇ ಸೇರಿ ಎ ಮೈನರ್ ಆಗುತ್ತದೆ. ಇದೇ ರೀತಿ 5ನೇ ಫ್ರೆಟ್‌ನಲ್ಲಿ ಎಫ್ ಮೇಜರ್ ಮತ್ತು ಡಿ ಮೈನರ್, 7ನೇ ಫ್ರೆಟ್‌ನಲ್ಲಿ ಜಿ ಮೇಜರ್ ಮತ್ತು ಇ ಮೈನರ್ ಸಿಗುತ್ತವೆ. ಸಿ ಮೇಜರ್ ಸ್ಕೇಲಿನ ಹಾಡುಗಳಿಗೆ ಹೆಚ್ಚಾಗಿ ಬೇಕಾಗುವ ಆರು ಕಾರ್ಡ್‌ಗಳು ಇವೇ. ಡಿ ಸ್ಕೇಲಿನಲ್ಲಿ ಹಾಡುವವರಿಗೆ ನುಡಿಸಬೇಕಾದರೆ ಎಲ್ಲವನ್ನೂ ಎರಡು ಫ್ರೆಟ್ ಮುಂದಕ್ಕೆ ಸರಿಸಿದರಾಯಿತು.

ಫ್ರೆಟ್ ತಿಳಿದ ಮಾತ್ರಕ್ಕೆ ನಾದ ಶುದ್ಧವಾಗುವುದಿಲ್ಲ. ಸಾಮಾನ್ಯ ಗಿಟಾರಿನಲ್ಲಿ ಬೆರಳನ್ನು ಫ್ರೆಟ್‌ನ ಹಿಂದೆ ಒತ್ತುತ್ತೇವೆ; ಇಲ್ಲಿ ಫ್ರೆಟ್ ಬರಿಯ ಗುರುತು, ಬಾರ್ ತಂತಿಯನ್ನು ಮುಟ್ಟುವ ಜಾಗವು ಆ ಗೆರೆಯ ನೇರ ಮೇಲಿರಬೇಕು. ಓರೆಯಿಂದ ನೋಡಿದರೆ ಕಣ್ಣು ಮೋಸಹೋಗುವುದರಿಂದ, ತಲೆಯನ್ನು ಬಾರಿನ ಮೇಲಕ್ಕೆ ತಂದು ನೋಡಬೇಕು. ಬಾರ್ ಕೊಂಚ ಓರೆಯಾದರೂ ಒಂದು ಬದಿಯ ತಂತಿಗಳು ಅಪಶ್ರುತಿಯಾಗುತ್ತವೆ. ಒತ್ತಿದರೂ ಶ್ರುತಿ ಏರುತ್ತದೆ. ಬಾರಿನ ಭಾರವೇ ಬಹುತೇಕ ಸಾಕು. ಹೆಬ್ಬೆರಳು ಮತ್ತು ನಡುಬೆರಳು ಅದನ್ನು ಎರಡು ಪಕ್ಕಗಳಲ್ಲಿ ಹಿಡಿದಿರಲಿ, ತೋರುಬೆರಳು ಮೇಲಿರಲಿ. ಉಂಗುರಬೆರಳು, ಕಿರುಬೆರಳುಗಳು ಬಾರಿನ ಹಿಂದೆ ತಂತಿಗಳ ಮೇಲೆ ಹಗುರವಾಗಿ ಒರಗಿಕೊಂಡು ಜೊತೆಯಲ್ಲೇ ಸಾಗದಿದ್ದರೆ ಬಾರಿನ ಹಿಂಭಾಗದ ತಂತಿಯೂ ಕಂಪಿಸಿ ಕರಕರ ಸದ್ದು ಮಾಡುತ್ತದೆ. ಈ ಎರಡು ಬೆರಳುಗಳ ಕೆಲಸವನ್ನು ಆರಂಭದಲ್ಲೇ ರೂಢಿಸಿಕೊಳ್ಳದವರಿಗೆ ಮುಂದೆ ಅದನ್ನು ತಿದ್ದಿಕೊಳ್ಳುವುದು ಕಷ್ಟ.

ಬಲಗೈಗೆ ಹೆಬ್ಬೆರಳಿನ ಪಿಕ್ (ಬೆರಳಿಗೆ ತೊಡುವ ಮೀಟುಗ) ಒಂದು, ತೋರುಬೆರಳು ಮತ್ತು ನಡುಬೆರಳಿಗೆ ಒಂದೊಂದು ಪಿಕ್ ಇದ್ದರೆ ಮೂರು ತಂತಿಗಳನ್ನು ಒಟ್ಟಿಗೆ ಮೀಟಬಹುದು. ಆರೂ ತಂತಿಗಳನ್ನು ಒಮ್ಮೆಗೇ ಎಳೆದರೆ ಮೇಜರ್, ಮೈನರ್ ಎರಡೂ ಬೆರೆತು ಸಿ6ರ ತೇಲುವ ನಾದ ಬರುತ್ತದೆ. ಅದು ಚೆನ್ನಾಗಿಯೇ ಇದ್ದರೂ ಎಲ್ಲೆಡೆ ಒಪ್ಪುವುದಿಲ್ಲ.

ಅಭ್ಯಾಸಕ್ಕೆ ಸಿ, ಎ ಮೈನರ್, ಡಿ ಮೈನರ್, ಜಿ ಎಂಬ ಸರಣಿಯನ್ನು ನಿಧಾನ ಲಯದಲ್ಲಿ, ಒಂದೊಂದಕ್ಕೆ ನಾಲ್ಕು ಎಣಿಕೆ ಕೊಟ್ಟು ನುಡಿಸಿ. ಮೊದಲೆರಡಕ್ಕೆ ಬಾರ್ 12ರಲ್ಲೇ ನಿಂತಿರುತ್ತದೆ, ಬಳಿಕ 5ಕ್ಕೂ 7ಕ್ಕೂ ಹೋಗುತ್ತದೆ. ಜಾರುವಾಗ ನಡುವಿನ ಸ್ವರಗಳೆಲ್ಲ ಕೇಳಿಸಬಾರದೆಂದರೆ, ಬಲಗೈಯ ಅಂಗೈ ಅಂಚಿನಿಂದ ತಂತಿಗಳನ್ನು ಕ್ಷಣಕಾಲ ತಡೆದು, ಬಾರ್ ಹೊಸ ಗೆರೆಗೆ ಬಂದ ಮೇಲೆ ಮೀಟಬೇಕು. ಇದು ಕೈಗೆ ಬಂದ ಮೇಲೆ ಜಿ, ಬಿ, ಡಿ, ಎಫ್ ಸ್ವರಗಳ ಜಿ7 ಕಾರ್ಡನ್ನು ಸೇರಿಸಿಕೊಳ್ಳಬಹುದು: 10ನೇ ಫ್ರೆಟ್‌ನಲ್ಲಿ 5, 4, 3ನೇ ತಂತಿಗಳನ್ನು ಮೀಟಿದರೆ ಡಿ, ಎಫ್, ಜಿ ಸಿಗುತ್ತವೆ. ಬಿ ಇಲ್ಲದಿದ್ದರೂ ಕಿವಿಗೆ ಜಿ7ರ ಸೆಳೆತ ತಿಳಿಯುತ್ತದೆ, ಅಲ್ಲಿಂದ ಎರಡು ಫ್ರೆಟ್ ಮೇಲಕ್ಕೆ ಜಾರಿ 6, 5, 4ನೇ ತಂತಿಗಳನ್ನು ಮೀಟಿದರೆ ಮತ್ತೆ ಸಿ.